ಗೇರಿಗೇನು ಅವಸರ?

ನನ್ನ ಕಾರು ನಿಧಾನ ಎಂದು ನಾನು ಯಾರ ಹತ್ತಿರವೂ ದೂರಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ಎಲ್ಲರೂ "ನಿಮಗೆ ಅನುಕೂಲ ಆಗಲಿ ಅಂತ" ಎಂದೇ ಮಾತು ಶುರುಮಾಡಿದರು.

ಯಳಂದೂರಿನ ಕಡೆ ರೇಷ್ಮೆ ಹುಳು ಸಾಕುವ ಕೆಲಸದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತಳಾದವಳು ನಾನು. ಈಗ ಕೊಳ್ಳೇಗಾಲದ ನಮ್ಮ ಮನೆಯ ಹಿಂದೆ ಚಾಕಿ ಹುಳು, ಅಂದರೆ ಎಳೆಯ ರೇಷ್ಮೆ ಹುಳು, ಸಾಕುತ್ತೇನೆ. ಮೊಟ್ಟೆ ಒಡೆದ ದಿನದಿಂದ ಎರಡನೇ ಜ್ವರದವರೆಗೆ ಹುಳು ನನ್ನ ಹೊಣೆ. ಆಮೇಲೆ ರೈತರ ಹೊಣೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಹಳೆ ಚರ್ಮ ಕಳಚಲು ಒಂದು ದಿನ ಅಲುಗಾಡದೆ ಕೂರುವ ಹೊತ್ತು. ಸಾಗಿಸುವುದು ಆಗಲೇ. ಆದರೆ ಕುಲುಕಬಾರದು, ಕುಲುಕಿದರೆ ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಸಾಗಿಸುವ ದಿನ ನಾಲ್ಕೂವರೆಗೆ ಎದ್ದು, ಬ್ಲೀಚಿಂಗ್ ನೀರಲ್ಲಿ ಕಾಲು ತೊಳೆದು ಒಳಗೆ ಹೋಗಿ, ಹುಳುವಿನ ತಟ್ಟೆಗಳಿಗೆ ಸುಣ್ಣದ ಪುಡಿ ಎರಚಿ, ಆರಕ್ಕೆ ಕಾರು ಹೊರಡಿಸುತ್ತೇನೆ. ಆರಕ್ಕೆ ಎಂದರೆ ಆರಕ್ಕೆ.

ಎಡ ಮಂಡಿ ಕ್ಲಚ್ ಒತ್ತಲು ಒಪ್ಪದ ಕಾರಣ ಆಟೊಮ್ಯಾಟಿಕ್ ಕಾರು ಕೊಂಡಿದ್ದೆ. ಅದು ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಒಂದು ಗಳಿಗೆ ತಡೆದು ನಿಲ್ಲುತ್ತಿತ್ತು. ಮೊದಲ ತಿಂಗಳು ನನಗೂ ಬೇಸರವಾಗಿತ್ತು. ಆಮೇಲೆ ಅದರ ಹೊತ್ತು ಗೊತ್ತಾಯಿತು. ಅದು ತಡೆಯುವ ಮುಂಚೆ ನಾನು ಆಕ್ಸಿಲರೇಟರಿನಿಂದ ಪಾದವನ್ನು ಒಂದಿಷ್ಟು ಎತ್ತುತ್ತಿದ್ದೆ. ಗೇರು ಬಿದ್ದದ್ದು ಹಿಂದೆ ಮಲಗಿದ ಹುಳುವಿಗೂ ತಿಳಿಯುತ್ತಿರಲಿಲ್ಲ.

ಮಗಳ ಜೊತೆ ಹಬ್ಬಕ್ಕೆ ಬಂದ ಅಳಿಯಂದಿರು ಸರ್ವಿಸ್ ಮಾಡಿಸುತ್ತೇನೆಂದು ಕಾರನ್ನು ಮೈಸೂರಿಗೆ ಒಯ್ದರು. ಎರಡು ದಿನ ಬಿಟ್ಟು ತಂದು ಬೀಗದ ಕೈಯನ್ನು ತಟ್ಟೆಯಲ್ಲಿಟ್ಟು ಕೊಟ್ಟರು.

"ಅತ್ತೆ, ನಿಮಗೆ ಅನುಕೂಲ ಆಗಲಿ ಅಂತ ಗೇರ್ ಬಾಕ್ಸಿನ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಹಾಕ್ಸಿದೀನಿ. ಮೊದಲು ಒಂದೊಂದು ಗೇರಿಗೂ ಯೋಚನೆ ಮಾಡ್ತಿತ್ತು. ಈಗ ಯೋಚನೆ ಇಲ್ಲ, ಬರೀ ಕೆಲಸ."

ನನ್ನ ಕಾರು, ನನ್ನ ಕಾಲು, ನನ್ನ ಹುಳು. ಕೇಳಬೇಕೆಂದು ಒಬ್ಬರಿಗೂ ತೋಚಲಿಲ್ಲ. ಸ್ವಂತ ಮಗನಾಗಿದ್ದರೆ ಹೊಸ್ತಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದೆ. ಅಳಿಯನಿಗೆ ಹಾಗೆ ಹೇಳುವಂತಿಲ್ಲ. "ಸಂತೋಷ" ಎಂದೆ. ಮಗಳು ನನ್ನ ಮುಖ ನೋಡಿ ಅಡುಗೆಮನೆಗೆ ಹೋಗಿಬಿಟ್ಟಳು.

ಮರುದಿನವೇ ಕೌದಳ್ಳಿಗೆ ಹನ್ನೆರಡು ತಟ್ಟೆ ಹುಳು ಹೋಗಬೇಕಿತ್ತು. ತೆಗೆದುಕೊಳ್ಳುವ ಹೆಂಗಸು ಎರಡು ವರ್ಷದಿಂದ ಹುಳುಮನೆಗೆ ಬೀಗ ಹಾಕಿದ್ದವಳು. ಹಿಂದೆ ಯಾರೋ ಕೊಟ್ಟ ಹುಳು ಜ್ವರದಿಂದ ಅರ್ಧ ಎದ್ದು ಅರ್ಧ ಮಲಗಿಯೇ ಇತ್ತಂತೆ. ಎದ್ದವಕ್ಕೆ ಸೊಪ್ಪು ಹಾಕಿದರೆ ಮಲಗಿದವು ಅಡಿಗೆ ಬೀಳುತ್ತವೆ, ಹಾಕದಿದ್ದರೆ ಎದ್ದವು ಹಸಿಯುತ್ತವೆ. ಬೆಳೆ ಹಾಳಾಗಿತ್ತು. ನಾನು ಮೂರು ಸಲ ಅವಳ ಜಗಲಿಯಲ್ಲಿ ಕೂತು, ನನ್ನ ಹುಳು ಎಲ್ಲವೂ ಒಂದೇ ಹೊತ್ತಿಗೆ ಏಳುತ್ತವೆ ಎಂದು ಮಾತು ಕೊಟ್ಟು ಬೀಗ ತೆಗೆಸಿದ್ದೆ.

ಅಳಿಯಂದಿರೂ ಜೊತೆಗೆ ಹೊರಟರು, ನನ್ನ ಸಂತೋಷ ನೋಡಲು. ಕಾಲೆತ್ತುವಷ್ಟರಲ್ಲಿ ಗೇರು ಬಿದ್ದಾಗಿರುತ್ತಿತ್ತು, ಬೆನ್ನಿಗೆ ಗುದ್ದಿದ ಹಾಗೆ.

"ನೋಡಿದ್ರಾ ಅತ್ತೆ, ಎಷ್ಟು ಚುರುಕು!"

ಕಾಮಗೆರೆಯ ಮೊದಲ ಹಂಪ್ ದಾಟಿ ವೇಗ ಹಿಡಿಯುತ್ತಿದ್ದಂತೆ ಹಿಂದೆ ಸರಕ್ಕೆಂದಿತು. ನಿಲ್ಲಿಸಿ ಬಾಗಿಲು ತೆಗೆದೆ. ಮೇಲಿನ ತಟ್ಟೆಯಲ್ಲಿ ಒಣಗಿದ ಸೊಪ್ಪಿನ ಹಾಸು ಹುಳುವಿನ ಸಮೇತ ಒಂದು ಮೂಲೆಗೆ ಮಡಚಿಕೊಂಡಿತ್ತು. ಮುಟ್ಟುವಂತಿಲ್ಲ, ಬಿಡಿಸುವಂತಿಲ್ಲ.

"ನೀವು ಹಿಂದೆ ಕೂತ್ಕೊಳ್ಳಿ" ಎಂದು ಅಳಿಯಂದಿರಿಗೆ ಆ ತಟ್ಟೆಯನ್ನು ತೊಡೆಯ ಮೇಲೆ ಕೊಟ್ಟೆ. "ಅಲುಗಾಡದ ಹಾಗೆ ಹಿಡ್ಕೊಳ್ಳಿ. ಕಾರು ಚುರುಕಾಗಿದೆ."

ಮುಂದಿನ ಹಂಪ್ ಆದಮೇಲೆ ಹಿಂದಿನಿಂದ ಸಣ್ಣ ದನಿ: "ಅತ್ತೆ... ನಿಧಾನ."

"ನಿಧಾನ ತೆಗೆಸಿದ್ದೀರಲ್ಲ."

ಗೇರಿನ ಹಿಡಿಯನ್ನು ಪಕ್ಕಕ್ಕೆ ಸರಿಸಿದರೆ ಗೇರು ತಾನಾಗಿ ಬದಲಾಗದೆ, ನಾವು ಹೇಳಿದಾಗ ಮಾತ್ರ ಬದಲಾಗುತ್ತದೆಂದು ಕೊಂಡ ದಿನ ಶೋರೂಮಿನವರು ಹೇಳಿದ್ದರು. ಅದುವರೆಗೆ ಬೇಕಾಗಿರಲಿಲ್ಲ. ಅಂದು ಸರಿಸಿದೆ. ಎರಡನೇ ಗೇರಿನಲ್ಲೇ ಹಂಪ್‌ಗಳನ್ನೆಲ್ಲ ಹತ್ತಿಳಿದೆ. ಬಯಲು ಸಿಕ್ಕಾಗ ಕಾಲನ್ನು ಪೂರ್ತಿ ತೆಗೆದು, ಎಂಜಿನ್ ಸದ್ದು ಇಳಿದ ಮೇಲೆ ಮೂರಕ್ಕೆ ಹಾಕಿದೆ. ಅದಕ್ಕಿಂತ ಮೇಲೆ ಹೋಗಲೇ ಇಲ್ಲ. ಎಂಜಿನ್ ಅರಚುತ್ತಿತ್ತು. ಹನೂರು ದಾಟುವುದರೊಳಗೆ ಎರಡು ಬಸ್ಸು, ಒಂದು ಹಾಲಿನ ವ್ಯಾನು ಹಾರ್ನ್ ಹೊಡೆದು ಮುಂದೆ ಹೋದವು. ವೇಗದ ಗೇರು ಹಾಕಿಸಿದ ಕಾರು, ಟ್ರ್ಯಾಕ್ಟರಿನ ಹಿಂದೆ.

ಮುಕ್ಕಾಲು ಗಂಟೆ ತಡ. ನನ್ನ ಬದುಕಿನಲ್ಲೇ ಇಲ್ಲದ್ದು. ಆ ಹೆಂಗಸು ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಏನ್ ಮೇಡಮ್ಮೋರೇ, ಉಳ ಎದ್ ನಡ್ಕಂಡೇ ಬತ್ತಾವೇನೋ ಅಂತ ದಾರಿ ನೋಡ್ತಿದ್ನಲ್ಲ."

ನಾನು ನಡೆದದ್ದನ್ನು ಹೇಳಿದೆ. ಅವಳು ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹನ್ನೊಂದು ಒಳಗೆ ಹೋದವು. ಹನ್ನೆರಡನೆಯದು ಅಳಿಯಂದಿರ ತೊಡೆಯ ಮೇಲೇ ಇತ್ತು. ಅವರ ಅಂಗಿಗೆಲ್ಲ ಸುಣ್ಣ.

"ಇದ ನಾ ಇಸ್ಕಳಾಕಿಲ್ಲ ಕಣ್ರಿ. ಯಾರಪ್ಪಾ ಇವ್ರು, ಡ್ರೈವರಾ?"

"ನಮ್ಮ ಅಳಿಯಂದಿರು."

"ಅಯ್ಯೋ ಸಿವ್ನೆ! ಅಳೀಮಯ್ಯನ್ ಕೈಲಿ ತಟ್ಟೆ ಒರಿಸ್ಕಂಡ್ ಬಂದ್ರಾ? ಬನ್ನಿ ಸಾ, ಕಾಪಿ ಕುಡೀರಿ."

ನಗುತ್ತಲೇ ಹೇಳಿದಳು. ಆದರೆ ನಾವು ಹೊರಡುವಾಗ ನನ್ನೊಬ್ಬಳನ್ನೇ ತಡೆದು, "ನಾಳೀಕ್ ಉಳ ಒಟ್ಗೇ ಏಳ್ದಿದ್ರೆ, ಬಾಗ್ಲ ಬೀಗ ನಾ ಮತ್ ತಗಿಯಾಕಿಲ್ಲ" ಎಂದಳು. ಆ ಮಾತನ್ನು ಹೊತ್ತುಕೊಂಡು ಮತ್ತೆ ಮೂರನೇ ಗೇರಿನಲ್ಲಿ ಊರಿಗೆ ಬಂದೆ.

ಮಾರನೆಯ ದಿನ ಒಂಬತ್ತಕ್ಕೆ ಫೋನ್ ಬಂತು. "ಎಲ್ಲಾ ಎದ್ದವೆ ಕಣ್ ಮೇಡಮ್ಮೋರೇ. ಸೊಪ್ಪಾಕ್ದೆ. ಮಳೆ ಉಯ್ದಂಗೆ ಸದ್ದು ಮಾಡ್ಕಂಡ್ ತಿಂತಾವೆ."

ಫೋನಿಟ್ಟು, ವಾಪಸ್ ತಂದ ತಟ್ಟೆಯ ಬಟ್ಟೆ ಸರಿಸಿದೆ. ಅರ್ಧ ಹುಳು ಎದ್ದು ಸೊಪ್ಪಿಗೆ ಅಲೆಯುತ್ತಿದ್ದವು; ಅರ್ಧ ಇನ್ನೂ ಕೂತೇ ಇದ್ದವು, ಒಂದರ ಮೇಲೊಂದು. ತಟ್ಟೆಯನ್ನು ತಂದು ಅಳಿಯಂದಿರ ತಿಂಡಿಯ ಪಕ್ಕದಲ್ಲಿಟ್ಟೆ. ಅವರು ಬಗ್ಗಿ ನೋಡಿದರು. ಎದ್ದು ಕೈ ತೊಳೆದು, ಕಾರಿನ ಬೀಗದ ಕೈ ಕೇಳಿದರು.

ಹಳೆಯ ಪ್ರೋಗ್ರಾಂ ಮತ್ತೆ ಬಂತು. ಆದರೆ ನನ್ನ ಸಿಟ್ಟು ಇಳಿದಿಲ್ಲ. ಏಕೆಂದರೆ ಮೈಸೂರಿನ ಆ ಅಂಗಡಿಯವನು ಅದನ್ನು ಹಾಕಿಕೊಡುವಾಗ, "ವಯಸ್ಸಾದವರು ಸಾರ್, ಹೊಸದು ಒಗ್ಗಲ್ಲ" ಎಂದನಂತೆ. ಅಳಿಯಂದಿರು ಏನೂ ಹೇಳದೆ ಬಂದರಂತೆ. ನಾನಾಗಿದ್ದರೆ ಅವನ ತೊಡೆಯ ಮೇಲೂ ಒಂದು ತಟ್ಟೆ ಇಡುತ್ತಿದ್ದೆ.