ಮದುವೆಗೆ ಹೂಂ ಅನ್ನಬೇಕಾದವನು ಕೋಚ್

ಪುಣೆಯ ನಮ್ಮ ಕಾಲೇಜಿನಲ್ಲಿ ನಾನು ಕೋಚ್ ಆಗಿದ್ದ ಖೋ-ಖೋ ತಂಡದ ಶಾಂತಾಳ ಅಪ್ಪ, ನಮ್ಮ ಕಡೆಯಿಂದ ವಲಸೆ ಬಂದು ಹಡಪಸರದಲ್ಲಿ ಗೋಡೆ ಕಟ್ಟುತ್ತಿದ್ದ ಗೌಂಡಿ, ನನ್ನ ಮೇಜಿನ ಮೇಲೆ ಎಲೆ-ಅಡಿಕೆ ಇಟ್ಟು ಕೈಮುಗಿದರು.

“ಶಾಂತಾಗ ವರಾ ಬಂದದರೀ ಸರ. ನಮ್ಮ ಪೈಕಿ ಓದಿದವ್ರು ಯಾರೂ ಇಲ್ಲ. ನೀವು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ.”

ತಬ್ಬಿಬ್ಬಾದೆ. ನಮ್ಮ ಮನೆತನಕ್ಕೇ ಮೊದಲ ಪದವೀಧರ ನಾನು. ಆದರೆ ಇದನ್ನು ಯಾವ ಪ್ರೊಫೆಸರೂ ಕಲಿಸಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶಾಂತಾಳನ್ನೇ ಕೇಳಿದೆ.

“ನೀವು ಹೇಳಿದಂಗರೀ ಸರ,” ಅಂದಳು. ಮೈದಾನದಲ್ಲಿ ಒಂದು ದಿನವೂ ನನ್ನ ಮಾತು ಕೇಳದ ಹುಡುಗಿ!

“ಬಿ.ಎ. ಮುಗೀಲಿ, ಆಮ್ಯಾಲ ನೋಡೋಣು,” ಅಂದುಬಿಟ್ಟೆ. ಅಪ್ಪ ಮತ್ತೊಮ್ಮೆ ಕೈಮುಗಿದು ಹೊರಟರು. ಶಾಂತಾ ಬಿಕ್ಕಿ ಬಿಕ್ಕಿ ಅತ್ತಳು.

ನಲವತ್ತು ವರ್ಷವಾಯಿತು. ಅದು ಪಾರಾದ ಸಂತೋಷದ ಅಳುವೋ, ವರ ಕೈತಪ್ಪಿದ ಸಂಕಟದ್ದೋ ನನಗೆ ಇಂದಿಗೂ ತಿಳಿದಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.