ಮೂರೂವರೆ ಪೌಂಡಿನ ಬೆರಳು

ಊರಿನವರೆಲ್ಲ ಅವನನ್ನು ಕರೆಯುತ್ತಿದ್ದುದು ‘ಮೂರೂವರೆ’ ಎಂದೇ. ಹೆತ್ತವರಿಟ್ಟ ಹೆಸರು ಲೈಸೆನ್ಸಿನ ಮೇಲಷ್ಟೇ ಉಳಿದಿತ್ತು. ಹಳೆಯ ಜೋಡಿನಳಿಕೆ ಬಂದೂಕುಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಮುಂದಿನ ಟ್ರಿಗರ್ ಮೂರೂವರೆ ಪೌಂಡಿನ ಎಳೆತಕ್ಕೆ ಬಿಡಬೇಕು, ಹಿಂದಿನದು ನಾಲ್ಕಕ್ಕೆ. ತೀರಾ ಹಗುರಾದರೆ ಒಂದು ನಳಿಕೆ ಹಾರಿದ ಪೆಟ್ಟಿಗೇ ಇನ್ನೊಂದೂ ಹಾರುತ್ತದೆ. ಅವನ ಗುರು ಟ್ರಿಗರಿಗೆ ಮೂರೂವರೆ ಪೌಂಡಿನಷ್ಟು ಮೊಳೆ ತುಂಬಿದ ಚೀಲ ನೇತುಹಾಕಿ ಇದನ್ನು ಅಳೆಯುತ್ತಿದ್ದ. ಮೂರೂವರೆ ಆ ಚೀಲವನ್ನು ಮೂವತ್ತು ವರ್ಷಗಳ ಹಿಂದೆಯೇ ಹಿಂದಿನ ಕೋಣೆಗೆ ಎಸೆದು, “ನನ್ನ ಬೆರಳಿರೋವಾಗ ತೂಕದ ಚೀಲ ಯಾಕೆ?” ಎಂದಿದ್ದ. ಜಂಬ ಅಂದರೆ ಜಂಬವೇ. ಆದರೆ ಬೆರಳು ಒಮ್ಮೆಯೂ ಮಾತು ತಪ್ಪಿರಲಿಲ್ಲ, ಅದನ್ನೂ ಹೇಳಬೇಕಲ್ಲ.

ಹೋದ ವರ್ಷ ಆ ಬೆರಳು ಕಬ್ಬಿಣ ಬಿಗಿಹಿಡಿಯುವ ವೈಸಿನ ಬಾಯಿಗೆ ಸಿಕ್ಕಿ ಜಜ್ಜಿಹೋಯಿತು. ಗಾಯ ಮಾಯ್ದ ಮೇಲೆ, “ಮೊದಲಿಗಿಂತ ಚೆನ್ನಾಗಿದೆ” ಎಂದು ಎಲ್ಲರಿಗೂ ತೋರಿಸಿಕೊಂಡು ತಿರುಗಿದ. ಅವನ ಪಕ್ಕದಲ್ಲೇ ಕೂತು ಕೆಲಸ ನೋಡುತ್ತ ಬೆಳೆದ ಮಗಳು ಈಗ ಬಂದೂಕುಗಳಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಗಿರಾಕಿಗಳಿಗೆ ಕೊಡುತ್ತಿದ್ದಳು. ಅವಳು ಏನೂ ಹೇಳಲಿಲ್ಲ.

ಒಂದು ಬೆಳಿಗ್ಗೆ ದನದ ಡಾಕ್ಟರ್ ಬಂದ. ಹಿಂದಿನ ವಾರ ಮಗಳು ಜ್ವರ ಬಂದು ಮಲಗಿದ್ದಾಗ ಬಂದೂಕನ್ನು ನೇರ ಮೂರೂವರೆಯ ಕೈಯಿಂದಲೇ ಒಯ್ದವನು.

“ಒಂದು ಎಳೆದ್ರೆ ಎರಡೂ ಹಾರಿದ್ವು ಕಣಯ್ಯಾ!” ಎಂದು ಅಂಗಿ ಸರಿಸಿದ. ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

“ಎರಡಕ್ಕೂ ಬೆರಳು ಹಾಕಿರ್ತೀಯ.”

“ದನಕ್ಕೆ ಸೂಜಿ ಚುಚ್ಚೋ ಕೈ ಇದು. ಯಾವ ಬೆರಳು ಎಲ್ಲಿದೆ ಅಂತ ಗೊತ್ತಿರುತ್ತೆ.”

ಮೂರೂವರೆ ಖಾಲಿ ಬಂದೂಕಿನ ಟ್ರಿಗರ್ ಎಳೆದು ನೋಡಿದ. “ಮೂರೂವರೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.”

ಮಗಳು ಒಳಗೆ ಹೋಗಿ ಮೊಳೆಯ ಚೀಲ ತಂದಳು. ಬಂದೂಕನ್ನು ನೆಟ್ಟಗೆ ನಿಲ್ಲಿಸಿ, ಚೀಲದ ತಂತಿಯನ್ನು ಮುಂದಿನ ಟ್ರಿಗರಿಗೆ ಸಿಕ್ಕಿಸಿದಳು. ಟಕ್. ಒಂದು ಹಿಡಿ ಮೊಳೆ ತೆಗೆದು ಮತ್ತೆ ಸಿಕ್ಕಿಸಿದಳು. ಟಕ್. ಚೀಲ ಅರ್ಧ ಖಾಲಿಯಾದ ಮೇಲೆಯೇ ಟ್ರಿಗರ್ ತಡೆದು ನಿಂತದ್ದು.

“ಎರಡು ಪೌಂಡೂ ಇಲ್ಲ ಅಪ್ಪಾ.”

ಅವನು ಬೆರಳು ನೋಡಿಕೊಂಡ. ಅದರ ಕಸುವು ಇಳಿದಿತ್ತು. ಎರಡು ಪೌಂಡೇ ಅದಕ್ಕೆ ಮೂರೂವರೆಯಾಗಿತ್ತು. ಅದನ್ನು ನಂಬಿ ಅವನು ವರ್ಷವಿಡೀ ಅರ ಹಾಕಿ ಉಜ್ಜಿ ಟ್ರಿಗರುಗಳನ್ನು ಹಗುರ ಮಾಡಿದ್ದ. ಇದನ್ನು ಬಿಟ್ಟು ಇನ್ನೂ ಹನ್ನೊಂದು ಬಂದೂಕು, ಹನ್ನೊಂದು ಮನೆ. ಎಲ್ಲವನ್ನೂ ವಾಪಸ್ ತರಲು ಹೊರಟ. ಎಡದ ಶೂವನ್ನು ಬಲಗಾಲಿಗೆ ಹಾಕತೊಡಗಿದ.

“ಯಾರಾದ್ರೂ ಸತ್ತುಹೋದ್ರೆ ಏನು ಗತಿ!”

“ಕೂತ್ಕೋಪ್ಪಾ. ಅವೆಲ್ಲ ಸರಿಯಾಗಿವೆ.”

“ನಿಂಗೆ ಹೇಗೆ ಗೊತ್ತು?”

ಅವಳು ಚೀಲವನ್ನು ಟ್ರಿಗರಿನಿಂದ ಬಿಡಿಸಿದಳು. ಅವನ ಕಣ್ಣು ಚೀಲದ ತಂತಿಯ ಮೇಲೆ ಬಿತ್ತು. ಮೂವತ್ತು ವರ್ಷ ಮೂಲೆಯಲ್ಲಿ ಬಿದ್ದ ತಂತಿಗೆ ತುಕ್ಕು ಹಿಡಿದಿರಬೇಕಿತ್ತು. ಅದು ಸವೆದು ಹೊಳೆಯುತ್ತಿತ್ತು. ಡಾಕ್ಟರ್ ಸೂರು ನೋಡತೊಡಗಿದ.

ಮೂರೂವರೆಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೋದ ಜೀವ ಬಂದಂತಾಯಿತು. ಸ್ಟೂಲಿನ ಮೇಲೆ ಕುಸಿದು ಕೂತ.

“ಎಲ್ಲವನ್ನೂ ತೂಗಿ ಸರಿಮಾಡಿ ಕೊಟ್ಟಿದ್ದೀಯ. ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಕೇಳ್ತಿದ್ದೆಯಾ?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. “ಇಲ್ಲ.”

ಅವಳು ತೆಗೆದಿಟ್ಟ ಮೊಳೆಗಳನ್ನು ಚೀಲಕ್ಕೆ ತುಂಬಿ, ಅದನ್ನು ಮೇಜಿನ ಪಕ್ಕದ ಗೋಡೆಯ ಗೂಟಕ್ಕೆ ತಾನೇ ತೂಗುಹಾಕಿದ. ಬಂದೂಕನ್ನೂ ಅರವನ್ನೂ ಮಗಳ ಕಡೆಗೆ ಸರಿಸಿ, ಅವಳ ಎಣ್ಣೆ ಡಬ್ಬಿ, ಬಟ್ಟೆ ಎತ್ತಿಕೊಂಡ. ಸಾಲಿನಲ್ಲಿ ಕಾಯುತ್ತಿದ್ದ ಇನ್ನೊಂದು ಬಂದೂಕಿಗೆ ಎಣ್ಣೆ ಹಚ್ಚತೊಡಗಿದ.

ಈ ಸಲ ಮಗಳು ಸುಮ್ಮನಿರಲಿಲ್ಲ. “ಜಾಸ್ತಿ ಆಯ್ತಪ್ಪಾ, ಒರೆಸು,” ಎಂದಳು.

ಅವನು ಒರೆಸಿದ.