ಸೋಮಮ್ಮ ಮತ್ತೆ ಅದೇ ಕೈಗೆ ಹೊಟ್ಟೆ ಕೊಟ್ಟದ್ದು

ನನ್ನ ಓರಗಿತ್ತಿ ಸೋಮಮ್ಮ ತೊಣ್ಣೂರಿನ ಹತ್ತಿರದ ನಮ್ಮೂರ ಡೈರಿಗೆ ಹಾಲು ಹಾಕುತ್ತಿದ್ದಳು. ಒಮ್ಮೆ ಅವಳ ಹಸುವಿಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಕೊಡಿಸಿದ್ದಳು. ಔಷಧಿ ಸೇರಿದ ಆ ಹಾಲು ಡೈರಿಗೆ ಆಗುವುದಿಲ್ಲ. ಮರೆತು ಡೈರಿಯ ಕ್ಯಾನಿಗೆ ಸುರಿದವಳು ಮನೆಗೆ ಹೋಗುವ ಅರ್ಧ ದಾರಿಯಲ್ಲಿ ನೆನಪಾಗಿ ಓಡಿಬಂದು ತಾನೇ ಹೇಳಿದಳು. ಸೆಕ್ರೆಟರಿ ಕರಿಯಪ್ಪ ಬೀದಿಯೆಲ್ಲ ಕೇಳುವಂತೆ ಬೈದ. ಆಮೇಲೆ ಹಸುವಿಗೆ ಏನೇ ಆದರೂ ಯಾವ ಹೆಂಗಸೂ ಬಾಯಿ ಬಿಡಲಿಲ್ಲ. ಆ ಬೇಸಿಗೆಯಲ್ಲಿ ನಮ್ಮೂರ ಹಾಲಿನಲ್ಲಿ ಔಷಧಿ ಇದೆ, ಬೇಡವೆಂದು ದೊಡ್ಡ ಡೈರಿಯಿಂದ ಕ್ಯಾನುಗಟ್ಟಲೆ ವಾಪಸು ಬಂತು.

ತೊಂಬತ್ತಾರನೇ ಇಸವಿಯಲ್ಲಿ ಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಅವಳ ಗರ್ಭಕೋಶ ತೆಗೆಸಿದೆವು. ಯಾರಿಂದ ಏನು ತಪ್ಪಾದರೂ ಕೂಡಲೇ ಹೇಳಬೇಕು, ಹೇಳಿದವರನ್ನು ಬೈಯಬಾರದು ಎಂದು ಅಲ್ಲಿನ ದೊಡ್ಡ ಡಾಕ್ಟರು ಹೊಸದಾಗಿ ಕಟ್ಟಳೆ ಮಾಡಿದ್ದರು. ಆಪರೇಷನ್ನಿನ ಮಾರನೇ ಬೆಳಿಗ್ಗೆ, ರಕ್ತ ಒರೆಸುವ ಬಟ್ಟೆಗಳ ಲೆಕ್ಕದಲ್ಲಿ ಒಂದು ಕಡಿಮೆ ಬರುತ್ತಿದೆ ಎಂದು ನರ್ಸ್ ತುಳಸಮ್ಮ ಹೇಳಿದಳು. ಎಕ್ಸ್‌ರೇ ತೆಗೆದರೆ ಅದು ಸೋಮಮ್ಮನ ಹೊಟ್ಟೆಯೊಳಗಿತ್ತು.

ಆಪರೇಷನ್ ಮಾಡಿದ್ದ ಶ್ರೀಕರ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ತಾವೇ ಮಂಚದ ಹತ್ತಿರ ಬಂದರು.

“ಅಮ್ಮಾ, ನನ್ನಿಂದ ತಪ್ಪಾಗಿದೆ. ಬಟ್ಟೆ ಒಳಗೇ ಉಳಿದಿದೆ, ತುಳಸಮ್ಮ ಹೇಳಿದ್ದಕ್ಕೆ ಗೊತ್ತಾಯ್ತು. ಇವತ್ತೇ ತೆಗೀಬೇಕು. ಮೈಸೂರಿಂದ ಬೇರೆ ಡಾಕ್ಟರನ್ನ ಕರೆಸ್ತೀವಿ. ನಾನು ಇನ್ನು ಆಪರೇಷನ್ ಮಾಡಲ್ಲ.”

ಸೋಮಮ್ಮನ ಮಗ ಚಿಕ್ಕಸ್ವಾಮಿ ಅವರ ಕಾಲರಿಗೆ ಕೈ ಹಾಕಿದ. “ನಮ್ಮವ್ವನ ಒಟ್ಟೆ ಏನು ನಿಮ್ಮನೆ ಬಟ್ಟೆ ಪೆಟ್ಟಿಗೇನ್ರೀ?”

“ಕೈ ಬುಡ್ಲಾ,” ಎಂದಳು ಸೋಮಮ್ಮ ಮಲಗಿದ್ದಲ್ಲಿಂದಲೇ. “ಇವ್ರೇ ತಗೀಲಿ.”

“ತಲೆ ಕೆಟ್ಟದೇನವ್ವ ನಿಂಗೆ?”

“ಅವತ್ತು ಕರಿಯಪ್ಪ ನನ್ನ ಬೈದ್ಮೇಲೆ ಡೈರೀಲಿ ಯಾರಾರ ನಿಜ ಯೋಳುದ್ರೇನ್ಲಾ? ಈಗ ನಿಜ ಯೋಳಿದ್ಕೆ ನೀನು ಇವ್ರನ್ನ ಒಡುದ್ರೆ, ಇವ್ರು ಆಪರೇಸನ್ನೇ ಬುಟ್ರೆ, ನಾಳೆ ಇನ್ನೊಬ್ಳ ಒಟ್ಟೇಲಿ ಬಟ್ಟೆ ಉಳೀತದೆ. ತುಳಸಮ್ಮ ಬಾಯಿ ಬುಟ್ಟಾಳಾ? ಇವ್ರು ಮಂಚದ ತಾವ ಬಂದಾರಾ?”

ಚಿಕ್ಕಸ್ವಾಮಿ ಕೈ ಬಿಟ್ಟ ಮೇಲೆ ಡಾಕ್ಟರು ಕೇಳಿದರು, “ಮತ್ತೆ ತಪ್ಪಾದ್ರೆ ಅಮ್ಮಾ?”

“ಆಗಕ್ಕಿಲ್ಲ ಬುಡಿ. ದೊಡ್ಡ ಡಾಕ್ಟ್ರು ಪಕ್ದಲ್ಲಿ ನಿಂತ್ಕತಾರೆ. ಇಟ್ಟಿದ್ದು ನೀವು, ತಗಿಯೋದೂ ನೀವೇ.”

ಮಧ್ಯಾಹ್ನ ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತರು, ಶ್ರೀಕರ ಡಾಕ್ಟರೇ ಬಟ್ಟೆ ತೆಗೆದರು. ಹೊಲಿಗೆ ಹಾಕುವ ಮುಂಚೆ ತುಳಸಮ್ಮ ಬಟ್ಟೆಗಳನ್ನು ಎಣಿಸಿದ ದನಿ ಬಾಗಿಲಾಚೆ ಕೂತಿದ್ದ ನಮಗೂ ಕೇಳಿಸಿತು. ಚಿಕ್ಕಸ್ವಾಮಿ ಬೆರಳು ಮಡಚುತ್ತ ಅವಳ ಜೊತೆಗೇ ಎಣಿಸಿದ.